ಆ ಹುಡುಗರು ಆಮೇಲೆ ಏನಾಗ್ತಾರೆ?

ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಆಡುವ ಹುಡುಗರ ಬಗ್ಗೆ ನನ್ನನ್ನು ಹೀಗೆ ಕೇಳುತ್ತಲೇ ಇರುತ್ತಾರೆ. ಇಲ್ಲ, ಎಲ್ಲರೂ ಎನ್‌ಎಫ್‌ಎಲ್‌ಗೆ, ಅಂದರೆ ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್‌ಗೆ, ಹೋಗುವುದಿಲ್ಲ. ಹೋಗದವರೆಲ್ಲ ಹಾಳಾಗುವುದೂ ಇಲ್ಲ. ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ನಾನು ಅಮೆರಿಕದ ದಕ್ಷಿಣ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಆಟಗಾರರಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುವ ಟ್ಯೂಟರ್. 11 ವರ್ಷವಾಯಿತು. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಫುಟ್‌ಬಾಲ್ ಹುಡುಗರು. ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡಿಗಾಗಿ ಒಬ್ಬರನ್ನೊಬ್ಬರು ಗುದ್ದಿ ಕೆಡವುವ ಆಟ.

ಹೋದ ವರ್ಷ ಕನ್ನಡ ಸಂಘದ ಗಣೇಶ ಹಬ್ಬದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ಹಿಂದೆ ಇದ್ದವರು ಕೇಳಿದರು, "ಮೇಡಂ, ಆ ದಾಂಡಿಗರನ್ನ ಪಾಸ್ ಮಾಡಿಸ್ತೀರಲ್ಲ, ಕಾಲೇಜ್ ಮುಗಿದ ಮೇಲೆ ಅವರ ಗತಿ ಏನು?" ಅವರ ಮಗ ಆ ವರ್ಷವೇ ಎಂಜಿನಿಯರಿಂಗ್ ಸೇರಿದ್ದ. ನಾನು ಐದೇ ನಿಮಿಷದ ಹಿಂದೆ ಅವರನ್ನು "ಮಗ ಮುಂದೆ ಏನು ಮಾಡ್ತಾನೆ?" ಅಂತ ಕೇಳಿದ್ದೆ. ನಮ್ಮ ಮಕ್ಕಳಿಗಾದರೆ "ಮುಂದೇನು". ಈ ಹುಡುಗರಿಗಾದರೆ "ಗತಿ ಏನು". ಯಾಕೆ? ಇವರೂ ಇಪ್ಪತ್ತು ವರ್ಷದ ಮಕ್ಕಳೇ ಅಲ್ವಾ? ಅವತ್ತು ಬಿಸಿಬೇಳೆಬಾತ್ ಗಂಟಲಲ್ಲಿ ಇಳಿಯಲಿಲ್ಲ.

ಲೆಕ್ಕ ಕೇಳುವವರಿಗೆ ಮೊದಲು ಲೆಕ್ಕ ಕೊಡುತ್ತೇನೆ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ತಂಡಗಳಲ್ಲಿ 70,000ಕ್ಕೂ ಹೆಚ್ಚು ಫುಟ್‌ಬಾಲ್ ಆಟಗಾರರಿದ್ದಾರೆ. ವರ್ಷಕ್ಕೊಮ್ಮೆ ಎನ್‌ಎಫ್‌ಎಲ್‌ನ 32 ತಂಡಗಳು ಸರದಿಯಲ್ಲಿ ಹುಡುಗರನ್ನು ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 7 ಸುತ್ತು, ಹೆಚ್ಚುಕಡಿಮೆ 250 ಜನ. ಡ್ರಾಫ್ಟ್‌ಗೆ ಅರ್ಹರಾದವರಲ್ಲಿ ಕೊನೆಗೆ ಎನ್‌ಎಫ್‌ಎಲ್ ಮುಟ್ಟುವವರು ನೂರಕ್ಕೆ ಇಬ್ಬರೂ ಇಲ್ಲ. ಮುಟ್ಟಿದವರು ಅಲ್ಲಿ ಉಳಿಯುವುದೂ ಸರಾಸರಿ ಮೂರು ವರ್ಷದ ಆಸುಪಾಸು. ಅಂದರೆ ಗೆದ್ದವನು ಕೂಡ ಮೂವತ್ತರೊಳಗೆ ಬೇರೆ ಕೆಲಸ ಹುಡುಕಬೇಕು.

ಇನ್ನು "ಪಾಸ್ ಮಾಡಿಸ್ತೀರಲ್ಲ" ಅನ್ನುವ ಮಾತು. ಮೋಸ ನಡೆದೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 18 ವರ್ಷ ಪಾಠವೇ ನಡೆಯದ ಕೋರ್ಸ್‌ಗಳಿದ್ದವು ಅಂತ 2014ರ ತನಿಖಾ ವರದಿ ಹೇಳಿತು. 3,100 ವಿದ್ಯಾರ್ಥಿಗಳು ಅವುಗಳಲ್ಲಿ ಹೆಸರು ಬರೆಸಿದ್ದರು. ಅವರಲ್ಲಿ ಅರ್ಧದಷ್ಟು ಜನ ಆಟಗಾರರು. ಅಲ್ಲಿ ಮೋಸ ಹೋದವರು ಯಾರು? ಓದು ಸಿಗುತ್ತದೆ ಎಂಬ ಮಾತು ನಂಬಿ ಬಂದ ಹುಡುಗರು.

ನನ್ನ ಕೋಣೆಗೆ ಬರುವ ಹುಡುಗನ ದಿನ ನೋಡಿ. ಬೆಳಿಗ್ಗೆ ಐದಕ್ಕೆ ಏಳುತ್ತಾನೆ. ಜಿಮ್, ಕ್ಲಾಸ್, ಎದುರಾಳಿ ತಂಡದ ವಿಡಿಯೊ, ಮೈದಾನದಲ್ಲಿ ಅಭ್ಯಾಸ. ರಾತ್ರಿ ಎಂಟಕ್ಕೆ ಮೊಣಕಾಲಿಗೆ ಐಸ್ ಕಟ್ಟಿಕೊಂಡು ನನ್ನ ಮುಂದೆ ಕೂತು ಸ್ಟ್ಯಾಂಡರ್ಡ್ ಡೀವಿಯೇಷನ್ ಕಲಿಯುತ್ತಾನೆ. ನಿಯಮದ ಪ್ರಕಾರ ಆಟಕ್ಕೆ ವಾರಕ್ಕೆ 20 ಗಂಟೆ ಮಾತ್ರ. ಆದರೆ ಪಂದ್ಯದ ದಿನ ಎಷ್ಟೇ ಹೊತ್ತು ದುಡಿದರೂ ಲೆಕ್ಕಕ್ಕೆ ಬರುವುದು 3 ಗಂಟೆ. ಐಸ್ ಕಟ್ಟಿಕೊಂಡು ಕೂರುವ ಹೊತ್ತು ಲೆಕ್ಕಕ್ಕೇ ಇಲ್ಲ. ಇವರು ದಡ್ಡರಲ್ಲ. ಸುಸ್ತಾಗಿರುತ್ತಾರೆ.

ಆಮೇಲೆ ಏನಾಗುತ್ತಾರೆ? ದೊಡ್ಡ ಹೆಸರು ಬೇಕಿದ್ದರೆ ಅವೂ ಇವೆ. ಜೆರಾಲ್ಡ್ ಫೋರ್ಡ್ ಮಿಶಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ. ಎರಡು ಎನ್‌ಎಫ್‌ಎಲ್ ತಂಡಗಳು ಕರೆದವು. ಹೋಗಲಿಲ್ಲ. ಯೇಲ್‌ನಲ್ಲಿ ಕೋಚಿಂಗ್ ಮಾಡುತ್ತಲೇ ಕಾನೂನು ಓದಿದರು. ಕೊನೆಗೆ ಅಮೆರಿಕದ ಅಧ್ಯಕ್ಷರಾದರು. ನೋಟರ್ ಡೇಮ್ ವಿಶ್ವವಿದ್ಯಾಲಯದ ಅಲನ್ ಪೇಜ್ ಎನ್‌ಎಫ್‌ಎಲ್‌ನಲ್ಲೂ ಆಡಿ, ಮಿನೆಸೋಟ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ 1993ರಿಂದ 2015ರವರೆಗೆ ನ್ಯಾಯಮೂರ್ತಿಯಾಗಿದ್ದರು. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡಿದ ಮೈರನ್ ರೋಲ್ ಮಿದುಳಿನ ಸರ್ಜನ್.

ಆದರೆ ನನ್ನ ಹುಡುಗರ ವಿಷಯಕ್ಕೆ ಬಂದರೆ, ಅವರು ನಿಮ್ಮ ಬೀದಿಯಲ್ಲೇ ಇದ್ದಾರೆ. ಅಗ್ನಿಶಾಮಕ ದಳದಲ್ಲಿ, ಇನ್ಶೂರೆನ್ಸ್ ಕಚೇರಿಯಲ್ಲಿ, ಕಾರಿನ ಶೋರೂಮ್‌ನಲ್ಲಿ. ಒಬ್ಬ ನರ್ಸ್. ಸುಮಾರು ಜನ ಶಾಲಾ ಮೇಷ್ಟ್ರು. ಮೊದಲ ಒಂದೆರಡು ವರ್ಷ ಕಷ್ಟಪಡುತ್ತಾರೆ, ಅದು ನಿಜ. ಹತ್ತು ವರ್ಷದಿಂದ ಯಾವಾಗ ಏಳಬೇಕು, ಏನು ತಿನ್ನಬೇಕು, ಎಲ್ಲಿಗೆ ಓಡಬೇಕು ಅಂತ ಬೇರೆಯವರೇ ಹೇಳಿರುತ್ತಾರೆ. ಒಂದು ಸೋಮವಾರ ಬೆಳಿಗ್ಗೆ ಯಾರೂ ಎಬ್ಬಿಸುವುದಿಲ್ಲ. 80,000 ಜನ ಹೆಸರು ಕೂಗುತ್ತಿದ್ದ ಹುಡುಗನಿಗೆ ಕೆಲಸದ ಸಂದರ್ಶನದಲ್ಲಿ "ಅನುಭವ ಏನಿದೆ?" ಅಂತ ಕೇಳುತ್ತಾರೆ. ಆಗ ಕೆಲವರು ನನಗೆ ಫೋನ್ ಮಾಡುತ್ತಾರೆ. ಮಾತಾಡುತ್ತೇವೆ. ದಾರಿ ಹುಡುಕಿಕೊಳ್ಳುತ್ತಾರೆ.

ನಾನು ದಾವಣಗೆರೆಯವಳು. ಗರಡಿ ಮನೆಗಳ ಊರು. ಅಜ್ಜನದು ಮಂಡಕ್ಕಿ ಅಂಗಡಿ. ಕುಸ್ತಿ ಬಿಟ್ಟು ಎಷ್ಟೋ ವರ್ಷವಾದ ಪೈಲ್ವಾನರೊಬ್ಬರು ಸಂಜೆ ಹೊತ್ತು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಎರಡೂ ಕಿವಿ ಮುದುಡಿ ಹೋಗಿದ್ದವು. ಎಷ್ಟು ಕುಸ್ತಿ ಗೆದ್ದಿರಿ, ಎಷ್ಟು ದುಡ್ಡು ಮಾಡಿದಿರಿ ಅಂತ ಅಜ್ಜ ಒಂದು ದಿನವೂ ಕೇಳಲಿಲ್ಲ. ಅಂಗಡಿ ಮೆಟ್ಟಿಲು ಹತ್ತುವಾಗಲೇ ಕೇಳುತ್ತಿದ್ದರು, "ಮೊಣಕಾಲು ಹೆಂಗೈತ್ರೀ ಪೈಲ್ವಾನ್ರೇ?"

ನನ್ನನ್ನೂ ಯಾರಾದರೂ ಇದನ್ನು ಕೇಳಬಾರದಾ ಅನ್ನಿಸುತ್ತದೆ. ಆ ಹುಡುಗರ ಮೊಣಕಾಲು ಹೇಗಿದೆ? ತಲೆ ಹೇಗಿದೆ? ಆಸ್ಪತ್ರೆ ಖರ್ಚು ಯಾರು ಕೊಡುತ್ತಾರೆ?

ಇದು ಹಳೇ ಜಗಳ. 1955ರಲ್ಲಿ ಕೊಲರಾಡೊದ ಒಂದು ಚಿಕ್ಕ ಕಾಲೇಜಿನ ಪರವಾಗಿ ಆಡುವಾಗ ರೇ ಡೆನಿಸನ್ ಎಂಬ ಆಟಗಾರ ತಲೆಗೆ ಪೆಟ್ಟು ಬಿದ್ದು ಸತ್ತ. ಕೆಲಸ ಮಾಡುವಾಗ ಸತ್ತವರ ಮನೆಯವರಿಗೆ ಸಿಗುವ ಪರಿಹಾರವನ್ನು ಅವನ ಹೆಂಡತಿ ಕೇಳಿದಳು. ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿಲ್ಲ, ಆದ್ದರಿಂದ ಕೊಡಬೇಕಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ಹೇಳಿತು. ಅದೇ ಕಾಲದಲ್ಲಿ ಎನ್‌ಸಿಎಎ ಈ ಹುಡುಗರನ್ನು "ಸ್ಟೂಡೆಂಟ್ ಅಥ್ಲೀಟ್" ಅಂತ ಕರೆಯಲು ಶುರು ಮಾಡಿತು. ನೌಕರರು ಅನ್ನಿಸಿಕೊಂಡು ಪರಿಹಾರ ಕೇಳಬಾರದು ಅಂತಲೇ ಆ ಹೆಸರು ಕಟ್ಟಿದ್ದು. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್ ಆಮೇಲೆ ತಾವೇ ಹಾಗೆ ಬರೆದಿದ್ದಾರೆ.

ಈಗ ದುಡ್ಡು ಬಂದಿದೆ. 2021ರ ಜುಲೈನಿಂದ ಹುಡುಗರು ತಮ್ಮ ಹೆಸರು, ಮುಖ ಬಳಸಿದ ಜಾಹೀರಾತಿನಿಂದ ಸಂಪಾದಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಹಂಚಬಹುದು. ಮೊದಲ ವರ್ಷಕ್ಕೆ ಒಂದೊಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್ ಮಿತಿ. ನನಗೆ ಖುಷಿಯೇ. ಆಟ ಬಿಟ್ಟ ಮೇಲೆ ಎರಡು ವರ್ಷ, ಆಟದಲ್ಲಾದ ಗಾಯಕ್ಕೆ ವಿಮೆಯೂ 2024ರ ಆಗಸ್ಟ್‌ನಿಂದ ಶುರುವಾಗಿದೆ. ಆದರೆ ಮೊಣಕಾಲಿನ ನೋವು ಎರಡು ವರ್ಷಕ್ಕೆ ಮುಗಿಯುತ್ತದಾ? 2024ಕ್ಕೆ ಮುಂಚೆ ಬಿಟ್ಟವರ ಕಥೆ ಏನು?

ನವೆಂಬರ್‌ನಲ್ಲಿ ದಿನಸಿ ಅಂಗಡಿಯ ಹೊರಗೆ ಒಬ್ಬ ಹಳೇ ಹುಡುಗ ಸಿಕ್ಕಿದ. 2017ರಲ್ಲಿ ಮುಗಿಸಿದವನು. ಹೆಸರು ಹೇಳುವುದಿಲ್ಲ. ಲೆಫ್ಟ್ ಟ್ಯಾಕಲ್ ಆಡುತ್ತಿದ್ದ, ಅಂದರೆ ಚೆಂಡು ಎಸೆಯುವವನ ಮೈಮೇಲೆ ಯಾರೂ ಬೀಳದ ಹಾಗೆ ಗೋಡೆಯಂತೆ ನಿಲ್ಲುವ ಕೆಲಸ. ಆಗ 140 ಕೆಜಿ ಇದ್ದ. ನನ್ನ ಕೋಣೆಯ ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ಕೈ ಇಲ್ಲದ ಬೆಂಚು ತರುತ್ತಿದ್ದೆವು. ಒಂದು ರಾತ್ರಿ ಊಟ ತಪ್ಪಿಸಿಕೊಂಡು ಬಂದಿದ್ದ. ನನ್ನ ಬ್ಯಾಗಿನಲ್ಲಿ ಚಕ್ಕುಲಿ ಡಬ್ಬಿ ಇತ್ತು. ಕೊಡಲಿಲ್ಲ. ಟ್ಯೂಟರ್‌ಗಳು ಆಟಗಾರರಿಗೆ ಏನನ್ನೂ ಕೊಡಬಾರದು ಅಂತ ನಮಗೆ ಕಟ್ಟಪ್ಪಣೆ. ಕೊಟ್ಟರೆ ಅವನ ಆಟಕ್ಕೇ ಕುತ್ತು. ಹೊಟ್ಟೆ ಗುರುಗುಟ್ಟುವುದು ಕೇಳಿಸುತ್ತಿತ್ತು. ನಾನು ಬ್ಯಾಗಿನ ಜಿಪ್ ಎಳೆದು ಪಾಠ ಮುಂದುವರಿಸಿದೆ. ಅದನ್ನು ಇವತ್ತಿಗೂ ಮರೆತಿಲ್ಲ.

"ಮಿಸ್!" ಅಂತ ಕೂಗಿದ. ಇಲ್ಲಿಯೂ ನಮ್ಮ ಶಾಲೆಗಳ ಹಾಗೆ ಮಿಸ್ ಅಂತಲೇ ಕರೆಯುತ್ತಾರೆ. ತೂಕ ಇಳಿಸಿದ್ದಾನೆ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಾನೆ, ಸಂಜೆ ಕೋಚಿಂಗ್. ಅಂಗಡಿಯ ನಾಲ್ಕೇ ಮೆಟ್ಟಿಲನ್ನು ಕಂಬಿ ಹಿಡಿದು, ಅಡ್ಡ ತಿರುಗಿ, ಒಂದೊಂದಾಗಿ ಇಳಿದ. ಅವನಿಗೆ ಈಗ ಮೂವತ್ತು.

"ಮೊಣಕಾಲು ಹೇಗಿದೆ?" ಅಂದೆ.

ಸುಮ್ನೆ ನನ್ನ ಮುಖ ನೋಡಿದ. ಆಮೇಲೆ ಅರ್ಧ ಗಂಟೆ ಹೇಳಿದ. ಎರಡು ಆಪರೇಷನ್ ಕಾಲೇಜಿನಲ್ಲಿದ್ದಾಗಲೇ ಆಗಿದ್ದವು. ಮೂರನೆಯದಕ್ಕೆ ಈಗ ಕೆಲಸದ ವಿಮೆ ಸ್ವಲ್ಪ ಕೊಡುತ್ತದೆ, ಉಳಿದದ್ದು ಕಂತಿನಲ್ಲಿ. ಚಳಿಗೆ ನೋವು ಜಾಸ್ತಿ. ಮಹಡಿ ಮೇಲಿದ್ದ ತನ್ನ ಕ್ಲಾಸನ್ನು ಹೆಡ್‌ಮಾಸ್ಟರ್‌ಗೆ ಹೇಳಿ ಕೆಳಗೆ ಹಾಕಿಸಿಕೊಂಡಿದ್ದಾನೆ. ಆಪರೇಷನ್ ಜೂನ್‌ನಲ್ಲಿ, ಶಾಲೆಗೆ ರಜೆ ಇರುವಾಗ.

ಒಂದು ವಾರ ಅವನ ಮನೆಗೆ ಊಟ ನಾನೇ ತಲುಪಿಸುತ್ತೇನೆ ಅಂದಿದ್ದೇನೆ. ಈಗ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಖಾರ ಕಡಿಮೆ ಹಾಕಿ ಮಿಸ್ ಅಂದಿದ್ದಾನೆ.