ಬಹುಸ್ಪರ್ಶ ಮೇಜು: ಈ ಬೆರಳು ಯಾರದು?

ಹಲವು ಬೆರಳುಗಳ ಸ್ಪರ್ಶವನ್ನು ಒಟ್ಟಿಗೇ ಗುರುತಿಸುವ ಮೇಜೊಂದನ್ನು ಕಟ್ಟುತ್ತಿದ್ದೇನೆ: ಅಕ್ರಿಲಿಕ್ ಹಾಳೆಯ ಅಂಚಿನಿಂದ ಎಲ್‌ಇಡಿಗಳ ಇನ್‌ಫ್ರಾರೆಡ್ ಬೆಳಕು ಒಳಗೆ ಹಾಯುತ್ತದೆ, ಬೆರಳು ಒತ್ತಿದಲ್ಲಿ ಹೊರಬಿದ್ದ ಬೆಳಕನ್ನು ಕೆಳಗಿನ ಕ್ಯಾಮೆರಾ ಕಾಣುತ್ತದೆ. ಅಕ್ರಿಲಿಕ್ ಅಂಚಿನ ಪಾಲಿಶ್, ಸಿಲಿಕೋನ್ ಪದರ, ಪ್ರೊಜೆಕ್ಟರ್ ಜೋಡಣೆ ಎಲ್ಲವೂ ಎಂದಿನಂತೆ ಮುಗಿದಿರುವುದರಿಂದ ಅವುಗಳ ವಿವರ ಬೇಡ. ಆದರೆ ಎಲ್‌ಇಡಿಗಳ ಸಂಗತಿಯನ್ನು ಹೇಳದಿರಲಾರೆ. 850 ನ್ಯಾನೊಮೀಟರ್ ತರಂಗಾಂತರದವು ಬೇಕೆಂದು ಒತ್ತಿ ಹೇಳಿದ್ದರೂ ಬಂದ ಪೊಟ್ಟಣದಲ್ಲಿದ್ದವು 940ರವು. ‘ಎರಡೂ ಇನ್‌ಫ್ರಾರೆಡ್ಡೇ ಅಲ್ಲವೇ ಸಾರ್’ ಎಂಬುದು ಅಂಗಡಿಯವರ ಸಮಾಧಾನ. ಕತ್ತಲೆಯಲ್ಲಿ ಉರಿಸಿ ನೋಡಿ: 850ರದ್ದು ಮಂದ ಕೆಂಪಾಗಿ ಕಾಣುತ್ತದೆ, 940ರದ್ದು ಕಾಣುವುದೇ ಇಲ್ಲ, ಕ್ಯಾಮೆರಾಕ್ಕೂ ಅದು ಮಂಕೇ.

ನಿಜವಾದ ತಲೆನೋವು ಶುರುವಾದದ್ದು ಮೇಜಿನ ಎದುರುಬದುರಾಗಿ ಇಬ್ಬರು ಕುಳಿತಾಗ. ಒಬ್ಬರು ಫೋಟೊವನ್ನು ತಮ್ಮತ್ತ ಎಳೆದುಕೊಳ್ಳುತ್ತಿರುವಾಗ ಇನ್ನೊಬ್ಬರು ‘ಇದು ಯಾರು?’ ಎಂದು ಅದರ ಮೇಲೆ ಬೆರಳಿಟ್ಟರೆ ಸಾಕು, ಎರಡೂ ಬೆರಳು ಒಬ್ಬರವೇ ಎಂದು ಮೇಜು ಬಗೆಯುತ್ತಿತ್ತು; ಫೋಟೊ ಗಿರ್ರನೆ ತಿರುಗಿ ಮೇಜಿನಗಲ ಹಿಗ್ಗುತ್ತಿತ್ತು. ಬೆರಳು ಒತ್ತಿದಲ್ಲಿ ಹೊರಬೀಳುವ ಬೆಳಕು ಕ್ಯಾಮೆರಾಕ್ಕೆ ಬಿಳಿಯ ಚುಕ್ಕೆಯಷ್ಟೇ; ಅದು ಯಾರದೆಂಬ ಗುರುತು, ಬೆರಳುಗಳ ಸ್ಥಾನವನ್ನು ತಂತ್ರಾಂಶಕ್ಕೆ ತಿಳಿಸುವ ಟಿಯುಐಒ ಸಂದೇಶಕ್ಕೂ ಸಿಗುವುದಿಲ್ಲ. 2001ರಲ್ಲಿ ಮಿತ್ಸುಬಿಷಿ ಪ್ರಯೋಗಾಲಯದ ಡೈಮಂಡ್‌ಟಚ್ ಮೇಜು, ತನ್ನಿಂದ ಹೊರಟು ಮೈಯ ಮೂಲಕ ಕುರ್ಚಿಗೆ ಹಾಯುವ ಸಂಕೇತದಿಂದ ಮುಟ್ಟಿದವರನ್ನು ಗುರುತಿಸುತ್ತಿತ್ತು. ನಮ್ಮ ಪ್ಲಾಸ್ಟಿಕ್ ಕುರ್ಚಿಗಳಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಒಂದು ಅಂಗೈಯ ಅಳತೆಗಿಂತ ದೂರವಿರುವ ಬೆರಳುಗಳ ಜೋಡಿಯನ್ನು ತಿರಸ್ಕರಿಸುವುದು ಸುಲಭದ ದಾರಿ. ಆದರೆ ದೊಡ್ಡ ಚಿತ್ರವನ್ನು ಎರಡೂ ಕೈಗಳಿಂದ ಹಿಗ್ಗಿಸುವವರಿಗೆ ಅದು ಅನ್ಯಾಯ. ಕೊನೆಗೆ ಕೈಹಿಡಿದದ್ದು ದೂರವಲ್ಲ, ಹೊತ್ತು. ಒಬ್ಬರೇ ಹಿಗ್ಗಿಸಲು ಹೊರಟಾಗ ಎರಡು ಬೆರಳುಗಳೂ ಹೆಚ್ಚುಕಡಿಮೆ ಒಟ್ಟಿಗೇ ಇಳಿಯುತ್ತವೆ. ಇಬ್ಬರ ಬೆರಳುಗಳು ಹಾಗೆ ಕೂಡಿ ಬೀಳುವುದು ಅಪರೂಪ. ಆದ್ದರಿಂದ 150 ಮಿಲಿಸೆಕೆಂಡಿನೊಳಗೆ, ಅಂದರೆ ಸೆಕೆಂಡಿಗೆ 60 ಚೌಕಟ್ಟುಗಳ ಲೆಕ್ಕದಲ್ಲಿ ಒಂಬತ್ತು ಚೌಕಟ್ಟುಗಳೊಳಗೆ, ಒಂದೇ ಫೋಟೊದ ಮೇಲೆ ಇಳಿದ ಬೆರಳುಗಳನ್ನು ಮಾತ್ರ ಜೋಡಿ ಮಾಡಿದೆ. ತಡವಾಗಿ ಬಂದ ಬೆರಳಿನ ಸುತ್ತ ಬೂದುಬಣ್ಣದ ಉಂಗುರವೊಂದು ಮೂಡುತ್ತದೆ. ಅದಿಲ್ಲದಿದ್ದರೆ ಜನ ಮೇಜು ಕೆಟ್ಟಿತೆಂದುಕೊಂಡು ಇನ್ನಷ್ಟು ಬಲವಾಗಿ ಒತ್ತುತ್ತಾರೆ, ಪಾಪ ಸಿಲಿಕೋನ್!

ಇಷ್ಟರಲ್ಲೇ ಮನಸ್ಸು ಚೌಕಾಬಾರದ ಕಡೆಗೆ ಓಡಿದೆ. ಬಾಯಿ ಮೇಲಾಗಿ ಬಿದ್ದ ಕವಡೆ ಕೆಳಗಿನ ಕ್ಯಾಮೆರಾಕ್ಕೆ ತನ್ನ ಉಬ್ಬು ಬೆನ್ನನ್ನು ತೋರಿಸುತ್ತದೆ, ಬೋರಲಾದದ್ದು ಸೀಳುಬಾಯಿಯನ್ನು. ಗರವನ್ನು ಮೇಜೇ ಎಣಿಸಬಹುದು. ಒತ್ತದ ವಸ್ತುಗಳನ್ನು ಈಗಿನ ಅಂಚುಬೆಳಕು ಕಾಣಿಸದಾದ್ದರಿಂದ ಕೆಳಗಿನಿಂದಲೇ ಹರಡಿದ ಬೆಳಕು ಬೇಕು. ಎಂದರೆ ಮತ್ತೆ ಎಲ್‌ಇಡಿ, ಮತ್ತೆ ಅದೇ ಅಂಗಡಿ.