ಕಿಟಕಿಯ ಏಳು ಲೋಟ

"ಆ ನೀರು ಎಲ್ಲೋಯ್ತಮ್ಮಾ?"

ಮಂಗಳವಾರ ಅಪ್ಪ ಕೇಳಿದ ಮಾತು ಇದು. ಇವತ್ತು ಭಾನುವಾರ. ಇನ್ನೂ ಕಿವಿಯಲ್ಲೇ ಇದೆ.

ಅಪ್ಪ ಟೊಮೆಟೊ ಹಾಕಿಕೊಂಡು ಕೋಲಾರದ ಮಂಡಿಗೆ ಬಂದಿದ್ದರು. ಹರಾಜು ಮುಗಿದ ಮೇಲೆ ನಮ್ಮ ಮನೆಗೆ ಬಂದು ಹೋಗುವುದು ವಾಡಿಕೆ. ರೇಟು ಎಷ್ಟು ಸಿಕ್ಕಿತು ಅಂತ ನಾನು ಕೇಳುವುದಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ಗೊತ್ತಾಗುತ್ತದೆ. ಅವತ್ತೂ ಗೊತ್ತಾಯಿತು.

ಮಾತು ಬೇರೆ ಕಡೆ ತಿರುಗಲಿ ಅಂತ ಅಡುಗೆಮನೆಗೆ ಕರೆದುಕೊಂಡು ಹೋಗಿ ನನ್ನ ತೋಟ ತೋರಿಸಿದೆ. ತೋಟ ಅಂದರೆ ಕಿಟಕಿ ಕಟ್ಟೆ ಮೇಲೆ ಏಳು ಗಾಜಿನ ಲೋಟ. ಮೂರರಲ್ಲಿ ಈರುಳ್ಳಿ ಸೊಪ್ಪಿನ ಬುಡ, ಎರಡರಲ್ಲಿ ಪುದೀನ ಕಡ್ಡಿ, ಒಂದರಲ್ಲಿ ಬೆಳ್ಳುಳ್ಳಿ, ಒಂದರಲ್ಲಿ ಕ್ಯಾರೆಟ್ ತಲೆ. ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ. ಟೆರೇಸಿನಲ್ಲಿ ಕುಂಡ ಇಟ್ಟರೆ ಸೋರುತ್ತೆ ಅಂತ ಓನರ್ ಆಂಟಿಯ ತಕರಾರು. ಕುಂಡ ಇಲ್ಲದೆಯೂ ಸೋರುವ ಟೆರೇಸು ಅದು, ಇರಲಿ ಬಿಡಿ.

ಇದಕ್ಕೆಲ್ಲ ಕಾರಣ ನನ್ನ ಜೊತೆ ಕೆಲಸ ಮಾಡುವಾಕೆ ಕಳಿಸಿದ ವಿಡಿಯೊಗಳು. ಅದರಲ್ಲಿ ಎಲ್ಲವೂ ಮೂರು ಸೆಕೆಂಡಿಗೆ ಚಿಗುರುತ್ತವೆ. ಇನ್ನು ತರಕಾರಿ ಕೊಳ್ಳೋದೇ ಬೇಡ ಅನ್ನುತ್ತಾರೆ. ಸುಳ್ಳು. ಎರಡು ತಿಂಗಳಿಂದ ಮಾಡಿದ್ದೀನಿ, ನನ್ನನ್ನು ಕೇಳಿ. ಈರುಳ್ಳಿ ಸೊಪ್ಪು ಬರುತ್ತದೆ. ಬೇರಿನ ಮೇಲೆ ಒಂದಿಂಚು ಬಿಟ್ಟು, ಬೇರು ಮುಳುಗುವಷ್ಟೇ ನೀರಲ್ಲಿಟ್ಟರೆ ವಾರ ಹತ್ತು ದಿನಕ್ಕೆ ಕೊಯ್ಯಬಹುದು. ಎರಡು ಮೂರು ಸಲ ಆದ ಮೇಲೆ ಎಲೆ ಸಣ್ಣಗಾಗುತ್ತದೆ, ಘಾಟೂ ಹೋಗುತ್ತದೆ. ಬುಡದಲ್ಲಿ ಇದ್ದಿದ್ದನ್ನು ತಿಂದುಕೊಂಡೇ ಅದು ಬೆಳೆದಿರೋದು, ಬರೀ ನೀರಲ್ಲಿ ಸಾರ ಎಲ್ಲಿಂದ ಬರಬೇಕು? ಪುದೀನ ಪಾಪ, ಒಳ್ಳೆಯದು. ಗಿಣ್ಣಿನ ಕೆಳಗೆ ಕತ್ತರಿಸಿ, ನೀರಲ್ಲಿ ಮುಳುಗುವ ಎಲೆಗಳನ್ನು ಕಿತ್ತು ಇಟ್ಟರೆ ಹತ್ತು ದಿನದಲ್ಲಿ ಬಿಳಿ ಬೇರು. ಎಲೆ ಕೀಳದಿದ್ದರೆ ಕೊಳೆತು ನಾರುತ್ತದೆ. ಬೆಳ್ಳುಳ್ಳಿಯಿಂದ ಗಡ್ಡೆ ಸಿಗಲ್ಲ, ಸೊಪ್ಪು ಸಿಗುತ್ತದೆ.

ಕ್ಯಾರೆಟ್ ಮಾತ್ರ ಶುದ್ಧ ಮೋಸ. ನೋಡಲು ಚಂದದ ಎಲೆ ಬರುತ್ತದೆ, ಕ್ಯಾರೆಟ್ ಬರುವುದಿಲ್ಲ. ಅದು ಎರಡು ವರ್ಷದ ಗಿಡ. ಮೊದಲ ವರ್ಷ ಬೇರಲ್ಲಿ ಕೂಡಿಡುತ್ತದೆ, ಎರಡನೇ ವರ್ಷ ಅದನ್ನು ಖರ್ಚು ಮಾಡಿ ಹೂವು, ಬೀಜ ಬಿಡುತ್ತದೆ. ಕೂಡಿಟ್ಟಿದ್ದನ್ನು ನಾವು ಸಾಂಬಾರಿಗೆ ಹಾಕಿ ಉಂಡಾಗಿದೆ, ಲೋಟದಲ್ಲಿರೋದು ಬರೀ ತಲೆ.

ಇಷ್ಟನ್ನೂ ಅಪ್ಪನಿಗೆ ಹೇಳಿದೆ. ಮೂವತ್ತು ವರ್ಷದಿಂದ ಬೇಸಾಯ ಮಾಡುವವರಿಗೆ ಲೋಟದ ಪಾಠ! ಅವರು ಬಗ್ಗಿ ನೋಡುತ್ತಾ ಹೂಂ ಹೂಂ ಅಂದರು.

ಅವತ್ತು ನೀರು ಬದಲಾಯಿಸುವ ದಿನ. ಎರಡು ದಿನಕ್ಕೊಮ್ಮೆ ಬದಲಾಯಿಸದಿದ್ದರೆ ಬುಡ ಲೋಳೆಯಾಗುತ್ತದೆ. ಸೊಳ್ಳೆ ಮೊಟ್ಟೆ ಇಡೋದೂ ಇಂಥ ನಿಂತ ನೀರಲ್ಲೇ. ಹೋದ ತಿಂಗಳು ಡೆಂಗಿ ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆ ಡ್ರಮ್ಮು, ಫ್ರಿಜ್ ಹಿಂದಿನ ಟ್ರೇ ಎಲ್ಲ ನೋಡಿ, ಕೊನೆಗೆ ನನ್ನ ಲೋಟಗಳಿಗೂ ಟಾರ್ಚ್ ಬಿಟ್ಟಿದ್ದರು. ಹಾಗಾಗಿ ಮಾತಾಡುತ್ತಲೇ ಏಳೂ ಲೋಟ ಸಿಂಕಿಗೆ ಬಗ್ಗಿಸಿ, ನಲ್ಲಿ ತಿರುಗಿಸಿ, ಹೊಸ ನೀರು ಹಿಡಿದೆ.

"ಆ ನೀರು ಎಲ್ಲೋಯ್ತಮ್ಮಾ?"

"ಯಾವ ನೀರಪ್ಪಾ?"

"ಈಗ ಚೆಲ್ಲಿದ್ಯಲ್ಲ, ಅದು."

"ಮೋರಿಗೆ."

"ಓ," ಅಂದರು. ಕಾಫಿ ಕುಡಿದರು. ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು. ನನ್ನ ಹತ್ತಿರ ಉತ್ತರ ಇತ್ತು. ಏಳು ಲೋಟ ಸೇರಿದರೂ ಒಂದೂವರೆ ಲೀಟರ್ ಆಗಲ್ಲ, ಟಾಯ್ಲೆಟ್ಟಿನ ಫ್ಲಶ್ ಒಂದು ಸಲ ಒತ್ತಿದರೆ ಅದರ ನಾಲ್ಕು ಪಟ್ಟು ಹೋಗುತ್ತದೆ. ಹೀಗೆ ಲಾಯರ್ ಥರ ಮನಸ್ಸಲ್ಲೇ ವಾದ ಮಾಡಿದೆ. ಆದರೆ ಅಪ್ಪ ಆಡಿಕೊಳ್ಳಲು ಕೇಳಿದ್ದಲ್ಲ. ಸುಮ್ನೆ, ತಿಳ್ಕೊಳ್ಳೋಣ ಅಂತ ಕೇಳಿದ್ದರು. ಅದೇ ಚುಚ್ಚಿದ್ದು.

ಅವರ ಮೂರನೇ ಬೋರು 1,350 ಅಡಿ. ಮೊದಲೆರಡು ಒಣಗಿವೆ. ಅಷ್ಟು ಆಳದ ನೀರನ್ನು ಡ್ರಿಪ್ಪಿನಲ್ಲಿ ತೊಟ್ಟು ತೊಟ್ಟು ಬಿಟ್ಟು, ಮಲ್ಚಿಂಗ್ ಪೇಪರ್ ಹಾಸಿ, ಕಡ್ಡಿ ಕಟ್ಟಿ ಬೆಳೆಸಿ, 15 ಕೆಜಿ ಬಾಕ್ಸಿಗೆ ತುಂಬಿ ಮಂಡಿಗೆ ತರುತ್ತಾರೆ. ಟೊಮೆಟೊ ಅಂದರೆ ನೂರಕ್ಕೆ ತೊಂಬತ್ತು ಪಾಲಿಗಿಂತ ಜಾಸ್ತಿ ನೀರೇ. 2023ರ ಜುಲೈನಲ್ಲಿ ಇದೇ ಬಾಕ್ಸು 2,000 ರೂಪಾಯಿ ದಾಟಿದಾಗ ಪೇಪರಿನಲ್ಲೆಲ್ಲ ಕೋಲಾರವೇ. ಆಗ ಅಪ್ಪ ರಾಗಿ ಹಾಕಿದ್ದರು. ಈ ಮಂಗಳವಾರ ಹಣ್ಣು ಬಿಡಿಸಿದ ಕೂಲಿಯೂ ಹುಟ್ಟಲಿಲ್ಲವಂತೆ, ಆಮೇಲೆ ಅಮ್ಮ ಫೋನಿನಲ್ಲಿ ಹೇಳಿದರು. ಬಾಕ್ಸುಗಟ್ಟಲೆ ನೀರು ಕೊಟ್ಟು ಬರಿಗೈಲಿ ಬಂದವರ ಎದುರು ನಾನು ಲೋಟ ಬಗ್ಗಿಸಿದ್ದೆ.

ನೀರು ಎಲ್ಲಿ ಹೋಯಿತು ಅನ್ನುವುದು ನಮ್ಮ ಕಡೆ ತಮಾಷೆಯ ಪ್ರಶ್ನೆಯಲ್ಲ. ನಮ್ಮೂರು ನರಸಾಪುರದ ಕಡೆ. ಜಾಲಿ ಬೆಳೆದು ನಿಂತಿದ್ದ ಕೆರೆಗಳಿಗೆ ಈಗ ಕೆ.ಸಿ. ವ್ಯಾಲಿ ನೀರು ಬರುತ್ತದೆ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ತಂದಿದ್ದು. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮೂರನೇ ಹಂತವೂ ಬೇಕು ಅಂತ ಜನ ಗಲಾಟೆ ಮಾಡುತ್ತಲೇ ಇದ್ದಾರೆ, ಮಾಡಬೇಕು ಕೂಡ. ನನ್ನ ತಮ್ಮ ಇರೋದು ಕೋರಮಂಗಲದ ಪಿ.ಜಿ.ಯಲ್ಲಿ. ಅವನು ಊರಿಗೆ ಬರೋದು ವರ್ಷಕ್ಕೆರಡು ಸಲ, ಅವನು ಮುಖ ತೊಳೆದ ನೀರು ದಿನಾ ಬರುತ್ತೆ ಅಂತ ಅಮ್ಮ ನಗುತ್ತಾರೆ. ಅರ್ಧ ನಗು, ಅರ್ಧ ಬೇಜಾರು.

ನನ್ನ ನೀರು? ಬುಧವಾರ ಸಂಜೆ ಹಾಲು ತರುವ ನೆಪದಲ್ಲಿ ಮೋರಿಯ ಜೊತೆಗೇ ನಡೆದೆ. ತಿರುವಿನಲ್ಲಿ ಕಲ್ಲು ಚಪ್ಪಡಿ ಕೆಳಗೆ ನುಗ್ಗಿತು. ಅದರಾಚೆ ಮೊಬೈಲ್ ಅಂಗಡಿಯ ಮೆಟ್ಟಿಲು. ಅಂಗಡಿ ಹುಡುಗ ಏನು ಕಳ್ಕೊಂಡ್ರಿ ಮೇಡಂ ಅಂದ. ವಾಪಸ್ ಬಂದೆ.

ಅವತ್ತು ರಾತ್ರಿ ಬಸ್ಸಾರು. ಸೊಪ್ಪು ಬೆಂದ ನೀರು ಬಸಿಯುವಾಗ ನನಗೇ ನಗು ಬಂತು. ಬೇಯಿಸಿದ ನೀರನ್ನೂ ಬಿಡದೆ ಖಾರ ರುಬ್ಬಿ ಹಾಕಿ ಮುದ್ದೆಗೆ ಸುರಿದುಕೊಳ್ಳುವ ಜನ ನಾವು. ಅಮ್ಮನ ಪುದೀನ ಇವತ್ತಿಗೂ ಬಚ್ಚಲ ನೀರಲ್ಲೇ ಬೆಳೆಯುವುದು. ಮಹಡಿ ಹತ್ತಿದ ಮೇಲೆ ನನಗೆ ಆ ಬಚ್ಚಲ ಹಿಂದಿನ ಜಾಗವೇ ಮರೆತುಹೋಗಿದೆ.

ಈಗ ಸಿಂಕಿನ ಪಕ್ಕ ಒಂದು ಬಕೆಟ್ ಇದೆ. ನಮ್ಮ ಯಜಮಾನರು ಎರಡು ಸಲ ಎಡವಿದ್ದಾರೆ. ಲೋಟದ ನೀರು, ಅಕ್ಕಿ ತೊಳೆದ ನೀರು ಎಲ್ಲ ಕೆಳಗಿನ ದಾಸವಾಳಕ್ಕೆ. ಗಿಡ ಓನರ್ ಆಂಟಿಯದು. ಅದಕ್ಕೆ ಮಾತ್ರ ಅವರ ತಕರಾರಿಲ್ಲ.

ಹೊರಡುವಾಗ ಅಪ್ಪ ಬೇರು ಬಂದ ಎರಡು ಪುದೀನ ಕಡ್ಡಿ ಕೇಳಿ ತೆಗೆದುಕೊಂಡಿದ್ದರು. ಒದ್ದೆ ಪೇಪರಿನಲ್ಲಿ ಸುತ್ತಿ, ಜೇಬಿನಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಹೋದರು. ಮನೆಯಲ್ಲಿ ಮಡಿ ತುಂಬ ಪುದೀನ ಇರುವಾಗ ಯಾಕೆ ಅಂತ ನಾನು ಕೇಳಲಿಲ್ಲ. ನಿನ್ನೆ ಫೋನಿನಲ್ಲಿ ವಿಚಾರಿಸಿದೆ.

"ಒಂದು ನಿಂತ್ಕೊಂತು. ಇನ್ನೊಂದನ್ನ ಕೋಳಿ ಕೆದರಿ ಹಾಕ್ತು ಕಣಮ್ಮಾ," ಅಂದರು. "ಆ ಕ್ಯಾರೆಟ್ಟು ಹೂ ಬಿಡ್ತಾ?"