ಹುರುಳಿ ಸುಗ್ಗಿಯಲ್ಲಿ ಹುಳಿಯಾರು ದಾರಿ

ಬೆಂಗಳೂರಿನಿಂದ ಹೊಸದುರ್ಗ ಸೀಮೆಯ ನೆಂಟರ ಮನೆಗೆ ಹೊರಟರೆ ಕೆ.ಬಿ. (ಕಿಬ್ಬನಹಳ್ಳಿ) ಕ್ರಾಸ್‌ವರೆಗೆ ಹೇಳುವಂಥದ್ದೇನೂ ಇಲ್ಲ. ತುಮಕೂರು, ಗುಬ್ಬಿ, ನಿಟ್ಟೂರು ಒಂದರ ಹಿಂದೊಂದು ಸರಿದುಹೋಗುತ್ತವೆ. ಕ್ರಾಸ್‌ನಲ್ಲಿ ಬಲಕ್ಕೆ ತಿರುಗಿದ ಮೇಲೆ ಪ್ರಯಾಣ ಶುರು. ಚಿಕ್ಕನಾಯಕನಹಳ್ಳಿ, ಅಲ್ಲಿಂದ ಸುಮಾರು 25 ಕಿ.ಮೀ. ಹುಳಿಯಾರು, ಆಮೇಲೆ ಊರಿಂದೂರಿಗೆ ಕವಲೊಡೆಯುವ ಸಣ್ಣ ಟಾರು ರಸ್ತೆಗಳು. ಎರಡೂ ಕಡೆ ತೆಂಗು, ಮಧ್ಯೆ ಮಧ್ಯೆ ಕೊಯ್ದು ಬರಿದಾದ ರಾಗಿ ಹೊಲ.

ಡಿಸೆಂಬರ್–ಜನವರಿಯಲ್ಲಿ ಈ ಕವಲು ರಸ್ತೆಗಳೇ ಕಣ. ಮೊದಲು ರಾಗಿ, ಅದರ ಬೆನ್ನಿಗೆ ಹುರುಳಿ. ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ ರಸ್ತೆಯ ಅಗಲಕ್ಕೂ ಹರವುತ್ತಾರೆ. ಹೋಗಿಬರುವ ಬಸ್ಸು, ಲಾರಿ, ಟ್ರ್ಯಾಕ್ಟರ್‌ಗಳೇ ತುಳಿಯುತ್ತವೆ. ಸಂಜೆಗೆ ಹೊಟ್ಟು ಬೇರೆ, ಕಾಳು ಬೇರೆ. ಇದನ್ನು ಮೊದಲ ಸಲ ನೋಡಿದವರು ಫೋಟೋ ತೆಗೆಯುತ್ತಾರೆ. ಕಾರಿನಡಿಯಿಂದ ಹೊಗೆ ಬಂದವರು ತೆಗೆಯುವುದಿಲ್ಲ.

ಹುಳಿಯಾರು ದಾಟಿದ ಮೇಲೆ ಒಂದು ತಿರುವಿನಲ್ಲಿ ಹುರುಳಿ ಮೊಣಕಾಲೆತ್ತರ ಬಿದ್ದಿತ್ತು. ಅಂಚಿನಲ್ಲಿ ಹುಲ್ಲು ಕೆದರುವ ಮೆರೆಕೋಲು ಹಿಡಿದು ಒಬ್ಬ ಅಜ್ಜಿ.

“ಕಣ ಮಾಡ್ಕೊಬಾರ್ದೇನಜ್ಜಿ?”

“ಕಣ ಅಂದ್ರೆ ನೀರು ಹೊಡೀಬೇಕು, ತುಳಿಸ್ಬೇಕು, ಸಗಣಿ ಬಳೀಬೇಕು. ಮಾಡೋರು ಯಾರವ್ರಪ್ಪ? ಒಕ್ಕೋ ರೋಣಗಲ್ಲು ಬೇಲಿ ಪಕ್ಕ ಬಿದ್ದೈತೆ, ಎಳೆಯಾಕೆ ಎತ್ತಿಲ್ಲ.”

“ಮಿಷನ್ ಬರಲ್ವಾ?”

“ರಾಗಿಗೆ ಬತ್ತೈತೆ. ನಮ್ದು ಮುಕ್ಕಾಲು ಎಕರೆ ಹುರುಳಿ, ಅಷ್ಟಕ್ಕೆ ಅವನು ಬರಾಕಿಲ್ಲ.”

“ಕಾರಿಗೆ ಸುತ್ಕೊಂಡ್ರೆ?”

“ನಿಲ್ಸಿ ಕೇಳಿದ್ರೆ ನಾನೇ ಪಕ್ಕಕ್ಕೆ ಎಳ್ದು ದಾರಿ ಬಿಡ್ತೀನಿ. ಕೇಳೋರೆಲ್ಲವ್ರೆ? ಹಾರನ್ ಹೊಡ್ಕಂಡು ನುಗ್ಗೋರೇ ಎಲ್ಲಾ.”

ಅಜ್ಜಿಯ ಲೆಕ್ಕಕ್ಕೆ ಎದುರಾಡುವುದು ಕಷ್ಟ. ಹಾಗಂತ ಪದ್ಧತಿ ಒಳ್ಳೆಯದಲ್ಲ. ಟಾರಿನ ಮೇಲೆ ಒಕ್ಕಿದ ರಾಗಿಗೆ ಕಲ್ಲು ಮಣ್ಣು ಸೇರುತ್ತದೆ. 2025–26ರಲ್ಲಿ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆಯಿದ್ದರೂ ಕಲ್ಲು ಬೆರೆತ ರಾಗಿಯನ್ನು ಖರೀದಿ ಕೇಂದ್ರದಲ್ಲಿ ಪಕ್ಕಕ್ಕಿಡುತ್ತಾರೆ. ಎಣ್ಣೆ ತೊಟ್ಟಿಕ್ಕಿದ ಹೊಟ್ಟು ದನಕ್ಕೂ ಹಿತವಲ್ಲ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ 5,000 ರೂಪಾಯಿವರೆಗೆ ದಂಡವಿದೆ. ಸುಗ್ಗಿ ಬಂದಾಗಲೆಲ್ಲ ಅಧಿಕಾರಿಗಳು ಎಚ್ಚರಿಸುತ್ತಾರೆ, ಒಕ್ಕಣೆ ನಡೆದೇ ಇರುತ್ತದೆ.

ರಾಗಿ ಹುಲ್ಲಿಗಿಂತ ಹುರುಳಿ ಬಳ್ಳಿಯೇ ಅಪಾಯ. ತೆಳು, ಉದ್ದ, ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಕಾರುಗಳಲ್ಲಿ ಗೇರ್‌ಬಾಕ್ಸ್‌ನಿಂದ ಚಕ್ರದವರೆಗೆ ಎರಡು ಡ್ರೈವ್ ಶಾಫ್ಟ್ ಮುಚ್ಚಿಗೆಯಿಲ್ಲದೆ ತಿರುಗುತ್ತಿರುತ್ತವೆ. ಬಳ್ಳಿ ರಾಟೆಗೆ ನೂಲಿನ ಹಾಗೆ ಅವಕ್ಕೆ ಸುತ್ತಿಕೊಂಡು ಬಿಗಿಯುತ್ತದೆ. ಮೊದಲು ಹರಿಯುವುದು ಶಾಫ್ಟ್ ತುದಿಯ ಜಾಯಿಂಟಿನ ಗ್ರೀಸು ಹಿಡಿದಿಡುವ ರಬ್ಬರ್ ಬೂಟು, ಕೆಲವೊಮ್ಮೆ ಬ್ರೇಕಿನ ಎಬಿಎಸ್ ಸೆನ್ಸರ್ ವೈರು. ಬಿಗಿತ ಗೇರ್‌ಬಾಕ್ಸ್ ಕಡೆಗೆ ಸರಿದರೆ ಆಯಿಲ್ ಸೀಲೂ ಹೋಗುತ್ತದೆ. ಬೆಂಕಿ ಹೊತ್ತುವುದು ಹೆಚ್ಚಾಗಿ ಸೈಲೆನ್ಸರ್ ಸಾಲಿನಲ್ಲಿ. ಅಲ್ಲಿರುವ, ಹೊಗೆಯ ವಿಷ ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದೇ ಒಳಗಿನ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ. ಒಣ ಹೊಟ್ಟು ಅದಕ್ಕೆ ಅಂಟಿ ನಿಂತರೆ ಸಾಕು.

ಆದ್ದರಿಂದ ಹರವಿದ್ದು ಕಂಡರೆ ಅದಕ್ಕಿಂತ ಮೊದಲೇ ನಿಲ್ಲಿಸಿ, ಇಳಿದು ಕೇಳಿ, ಅಂಚು ಬಿಡಿಸಿಕೊಳ್ಳಿ. ಹಾಯಲೇಬೇಕಾದರೆ ಎರಡನೇ ಗೇರು, 15–20 ಕಿ.ಮೀ. ವೇಗ, ಮುಂದಿನ ವಾಹನ ತುಳಿದ ಜಾಡಿನಲ್ಲೇ ನೇರವಾಗಿ. ಅದರ ಮೇಲೆ ಬ್ರೇಕು ಒತ್ತಬೇಡಿ, ಸ್ಟೀರಿಂಗ್ ಎಳೆಯಬೇಡಿ. ಉದುರಿದ ಕಾಳಿನ ಮೇಲೆ ಟೈರು ಹಿಡಿತ ಕಳೆದುಕೊಳ್ಳುತ್ತದೆ. ಬೈಕಿನವರು ಬೀಳುವುದು ಇಲ್ಲೇ. ಹೊಟ್ಟಿನ ಮೇಲೆಯೇ ಗಾಡಿ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ದಾಟಿದ ಮೇಲೆ ಬರಿ ನೆಲ ಸಿಕ್ಕ ಕಡೆ ಎಂಜಿನ್ ಆರಿಸಿ, ಬಗ್ಗಿ ನೋಡಿ, ಮೂಸಿ ನೋಡಿ.

ಸುತ್ತಿಕೊಂಡಿದ್ದರೆ ಕೈಯಿಂದ ಎಳೆದು ಬಿಡಿಸಲು ಆಗದು. ತಣ್ಣಗಾಗಲು ಬಿಟ್ಟು, ಕೈಗವಸು ಹಾಕಿಕೊಂಡು, ಶಾಫ್ಟ್‌ನ ಉದ್ದಕ್ಕೆ ಚಾಕುವಿನಿಂದ ಸೀಳಬೇಕು. ಬೂಟಿನ ಹತ್ತಿರ ಬ್ಲೇಡು ಬೇಡ, ಅಲ್ಲಿ ಬೆರಳಿನಿಂದಲೇ. ಬರಿ ಜಾಕ್ ಮೇಲೆ ನಿಂತ ಕಾರಿನಡಿ ಯಾರೂ ನುಸುಳಬಾರದು. ಡಿಕ್ಕಿಯಲ್ಲಿ ಚಾಪೆ, ಟಾರ್ಚು, ಐದು ಲೀಟರ್ ನೀರಿನ ಕ್ಯಾನು, ಒಂದು ಕೆ.ಜಿ. ಎಬಿಸಿ ಪುಡಿಯ ಅಗ್ನಿಶಾಮಕ ಇರಲಿ. ಆ ಪುಡಿ ಹತ್ತು ಸೆಕೆಂಡು ಬಂದರೆ ಹೆಚ್ಚು, ಹಾಗಾಗಿ ಎಲ್ಲರನ್ನೂ ಇಳಿಸಿದ ಮೇಲೆ ಉರಿಯ ಬುಡಕ್ಕೇ ಹೊಡೆಯಬೇಕು. ಬಾನೆಟ್ಟನ್ನು ಪೂರ್ತಿ ಎತ್ತಿದರೆ ಗಾಳಿ ಸಿಕ್ಕಿ ಉರಿ ಜೋರಾಗುತ್ತದೆ.

ಮೊಬೈಲ್ ನಕ್ಷೆಗೆ ಒಕ್ಕಣೆ ಗೊತ್ತಿಲ್ಲ. ಹತ್ತಿರದ ದಾರಿ ಎಂದು ಅದು ಕರೆದೊಯ್ಯುವುದೇ ಇಂಥ ರಸ್ತೆಗೆ. ಹೊರಡುವ ಮುನ್ನ ಚಿಕ್ಕಪ್ಪನಿಗೋ ಸೋದರತ್ತೆಗೋ ಫೋನ್ ಮಾಡಿ “ಯಾವ ರಸ್ತೇಲಿ ಹರವವ್ರೆ?” ಎಂದು ಕೇಳುವುದು ಲೇಸು. ಬೆಳಗ್ಗೆ ಒಂಬತ್ತರೊಳಗೆ ಹಳ್ಳಿ ರಸ್ತೆ ಮುಗಿಸಿದರೆ ಇನ್ನೂ ಲೇಸು. ರಾತ್ರಿಯಂತೂ ಬೇಡ. ಕಾಳು ಬಾಚಿಕೊಂಡು ಹೋದವರು ಸುತ್ತ ಇಟ್ಟಿದ್ದ ಗುಂಡುಕಲ್ಲುಗಳನ್ನು ಎಷ್ಟೋ ಸಲ ಅಲ್ಲೇ ಬಿಟ್ಟಿರುತ್ತಾರೆ.

ಹೊಸದುರ್ಗದ ಕಡೆ ಎರಡು ದಿನ ಊಟ, ಮಾತು, ಮತ್ತೆ ಊಟ. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಹಿನ್ನೀರು ಯಾರ ಹೊಲದವರೆಗೆ ಬಂತು ಎಂಬುದು ಅಲ್ಲಿ ಇನ್ನೂ ಮುಗಿಯದ ಮಾತು.

ವಾಪಸು ಹೊರಟಾಗ ನೆಂಟರು ಡಿಕ್ಕಿ ತುಂಬಿಸುತ್ತಾರೆ, ಬೇಡವೆಂದರೆ ಬೇಜಾರು. ಸುಲಿದ ಐವತ್ತು ತೆಂಗಿನಕಾಯಿ ಎಂದರೆ 25–30 ಕೆ.ಜಿ., ಜೊತೆಗೆ ರಾಗಿ ಮೂಟೆ 50 ಕೆ.ಜಿ., ಮೇಲೆ ಐದು ಜನ. ಹಿಂಭಾಗ ಕುಸಿದು ಸೈಲೆನ್ಸರ್ ಹೊಟ್ಟಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಮೂಟೆಯನ್ನು ಹಿಂದಿನ ಸೀಟಿನ ಬೆನ್ನಿಗೆ ಒತ್ತಿಡಿ, ಬಾಗಿಲ ಕಂಬದ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಬರೆದಷ್ಟು ಗಾಳಿ ತುಂಬಿಸಿ. ಮನೆ ಸೇರಿದ ಮರುದಿನ ಮುಂದಿನ ಚಕ್ರಗಳ ಒಳಮೈ ನೋಡಿ. ಗ್ರೀಸು ಚಿಮ್ಮಿದ್ದರೆ ಬೂಟು ಹರಿದಿದೆ. ಆಗಲೇ ಬದಲಿಸಿದರೆ ಬೂಟಿನ ಖರ್ಚಿನಲ್ಲೇ ಮುಗಿಯುತ್ತದೆ; ತಿರುವಿನಲ್ಲಿ ಟಕಟಕ ಸದ್ದು ಬರುವವರೆಗೆ ಬಿಟ್ಟರೆ ಜಾಯಿಂಟೇ ಬದಲಾಗಬೇಕು.